ಕರೆಂಟ್ ಅಯ್ಯನವರ ಸನ್ಮಾನ

"ಲೈನ್ ಆಫ್ ಐತಾ ಸಾ?" ಎಂದು ಕ್ರೇನಿನವನು ಕೇಳಿದ. ನಾನು "ಹ್ಞೂಂ" ಅಂದೆ.

ಇದನ್ನು ನಾನು ಪೊಲೀಸರಿಗೆ ಹೇಳಲಿಲ್ಲ, ಹೆಂಡತಿಗೂ ಬಹಳ ದಿನ ಹೇಳಲಿಲ್ಲ. ವರ್ಷವಾಗುತ್ತಾ ಬಂತು. ಈಗಲೂ ಅಡುಗೆಮನೆಯಲ್ಲಿ ಮಿಕ್ಸಿ ಶುರುವಾದರೆ ನನ್ನ ಭುಜಗಳು ತಾವಾಗಿ ಮೇಲೇಳುತ್ತವೆ. ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠ ಬಂದಾಗ "ಇದನ್ನು ನೀವೇ ಓದಿಕೊಳ್ಳಿ" ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ನಾನು ವಿಜ್ಞಾನದ ಮೇಷ್ಟ್ರು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ಆ ಡಿಗ್ರಿಯೂ ನಮ್ಮ ಅಯ್ಯನವರು ಕೊಡಿಸಿದ್ದು.

ಅಯ್ಯನವರು ಎಂದರೆ ನಮ್ಮ ಚರ್ಚಿನ ಸಭಾಪಾಲಕರು. ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಶೆಡ್ಡುಗಳ ಬೀದಿ ಮುಗಿಯುವಲ್ಲಿ ನಮ್ಮದೊಂದು ಸಣ್ಣ ದೇವಾಲಯ. ಭಾನುವಾರ ಬೆಂಚು ತುಂಬಿದರೆ ಅದೇ ದೊಡ್ಡ ಸಭೆ. ದೊಡ್ಡ ಸಭೆಗಳಲ್ಲಿ ಪಾದ್ರಿಗಳಿಗೆ ವರ್ಗಾವಣೆ ಇರುತ್ತದೆ, ನಮ್ಮಲ್ಲಿಗೆ ಬರುವವರೇ ಇರಲಿಲ್ಲ. ಹಾಗಾಗಿ ಅವರು ಯುವಕರಾಗಿ ಬಂದು ಇಲ್ಲೇ ಮುದುಕರಾದರು. ಅವರ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ನಾವು ಏಳೆಂಟು ಜನ ಲೆಕ್ಕ, ಇಂಗ್ಲಿಷು ಕಲಿತೆವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಶೆಡ್ಡಿನ ಮುಸ್ಲಿಂ ಮನೆಗಳವರು. ಕಾಲೇಜಿನ ಅರ್ಜಿಗೆ ಅಪ್ಪನ ಸಹಿ ಬೇಕಾದಾಗ ನನ್ನ ಅಪ್ಪ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಪೋಷಕರು ಎಂಬ ಜಾಗದಲ್ಲಿ ಅಯ್ಯನವರು ಸಹಿ ಹಾಕಿದರು.

ಆದರೆ ಊರು ಅವರನ್ನು ಕರೆಯುತ್ತಿದ್ದದ್ದು ಕರೆಂಟ್ ಅಯ್ನೋರು ಎಂದು.

ಅದಕ್ಕೆ ಕಾರಣ ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯ ಒಂದು ಮದುವೆ. ನಾನಾಗ ಪ್ರೈಮರಿಯಲ್ಲಿದ್ದೆ. ಅಯ್ಯನವರು ಆ ಮನೆಯವರ ಪರಿಚಯದಿಂದ ಊಟಕ್ಕೆ ಹೋಗಿದ್ದರಂತೆ. ಚಪ್ಪರಕ್ಕೆ ಕಬ್ಬಿಣದ ಪೈಪು ನಿಲ್ಲಿಸುವಾಗ ಅದು ಮೇಲಿನ ತಂತಿಗೆ ತಾಗಿ ಮದುಮಗಳ ಸೋದರಮಾವ ಅವರ ಕಣ್ಣೆದುರೇ ಸತ್ತ. ಅಲ್ಲಿಂದ ಬಂದವರು ಮೂರು ದಿನ ಸರಿಯಾಗಿ ಮಾತಾಡಲಿಲ್ಲ ಎಂದು ಅಮ್ಮನವರು, ಅಂದರೆ ಅವರ ಹೆಂಡತಿ, ಹೇಳುತ್ತಿದ್ದರು. ನಾಲ್ಕನೇ ದಿನ ಮೊಪೆಡ್ ಹತ್ತಿ ಕರೆಂಟ್ ಆಫೀಸಿಗೆ ಹೋದರು. ಆಮೇಲೆ ಊರಲ್ಲಿ ಯಾರದೇ ಮನೆಯಲ್ಲಿ ಚಪ್ಪರ ಎದ್ದರೂ, ನಾಮಕರಣವಾಗಲಿ, ಉರುಸಾಗಲಿ, ಗಣೇಶನ ಪೆಂಡಾಲಾಗಲಿ, ಹಿಂದಿನ ದಿನ ಅಯ್ಯನವರು ಲೈನ್‌ಮನ್ ಮುಂದೆ ನಿಂತಿರುತ್ತಿದ್ದರು. ಯಾವ ಬೀದಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಲ್ಲ ಒಂದು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಮರುದಿನ ಪೈಪು ಎತ್ತುವ ಹೊತ್ತಿಗೆ ಮತ್ತೆ ಬಂದು, ಲೈನ್‌ಮನ್‌ಗೆ ಫೋನ್ ಮಾಡಿ, ಅವನು ಆಫ್ ಅಂದ ಮೇಲೆ ಕೈ ಎತ್ತಿ "ಏಳ್ಸಿ" ಎನ್ನುತ್ತಿದ್ದರು.

ಮೊದಮೊದಲು ಜನ ನಕ್ಕರು. "ಏನ್ ಅಯ್ನೋರೇ, ಯೇಸುಸ್ವಾಮಿ ಸಾಕಾಗ್ಲಿಲ್ವಾ, ಕರೆಂಟಿಗೂ ಪ್ರಾರ್ಥನೆನಾ?" ಎಂದು ರೇಗಿಸಿದರು. ನಂತರ ಅದು ಪದ್ಧತಿಯಾಯಿತು. ಮನೆದೇವರಿಗೆ ಇಟ್ಟ ಮೇಲೆ ಎರಡನೇ ಲಗ್ನಪತ್ರಿಕೆ ಅಯ್ಯನವರ ಮನೆಗೆ. ಪತ್ರಿಕೆ ಕೊಟ್ಟರೆ ಮುಗಿಯಿತು, ಲೈನಿನ ವಿಷಯ ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಮೂವತ್ತು ವರ್ಷ ನಮ್ಮ ಕಡೆ ಒಂದೂ ಚಪ್ಪರ ಸುಡಲಿಲ್ಲ. ಸುಡದ ಚಪ್ಪರವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅವರ ಮಂಡಿ ಸೋತಿತು. ನಿವೃತ್ತಿ ತೆಗೆದುಕೊಂಡು ಹಾರೋಹಳ್ಳಿಯಲ್ಲಿ ಮಗಳ ಮನೆಗೆ ಹೋಗುತ್ತೇನೆ ಎಂದರು. ಮಗಳು ಅಲ್ಲಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಸಭೆಯವರು ಸನ್ಮಾನ ಸಮಿತಿ ಮಾಡಿದೆವು. ಡಿಗ್ರಿ ಇದ್ದ ಕಾರಣಕ್ಕೆ ನಾನು ಕಾರ್ಯದರ್ಶಿ. ಸಭೆಯ ಹಿರಿಯರೊಬ್ಬರು ಅಧ್ಯಕ್ಷರು. ಅವರು ಎರಡು ರೇಷ್ಮೆ ಶೆಡ್ಡುಗಳ ಯಜಮಾನರು, ಗಟ್ಟಿ ದನಿಯವರು.

ಅಯ್ಯನವರು ನನ್ನನ್ನು ಕರೆದು, "ಒಂದು ಪ್ರಾರ್ಥನೆ, ಒಂದು ಕಾಫಿ. ಇಷ್ಟು ಸಾಕಪ್ಪ" ಅಂದರು. ನಾನು ಅದನ್ನು ಸಮಿತಿಯಲ್ಲಿ ಹೇಳಿದೆ.

"ಅವ್ರು ಹಂಗೇ ಅಂತಾರೆ ಕಣ್ರೀ ಮೇಷ್ಟ್ರೇ" ಎಂದರು ಹಿರಿಯರು. "ಮೊನ್ನೆ ಎಲೆಕ್ಷನ್ ಗೆದ್ದೋನ್ಗೆ ಕ್ರೇನಲ್ಲಿ ಆಪಲ್ ಹಾರ ಹಾಕುದ್ರಲ್ಲ, ಅವ್ನೇನ್ ಮಾಡವ್ನೆ ಈ ಊರ್ಗೆ? ನಮ್ಮ ಅಯ್ನೋರ್ಗೆ ಅದಕ್ಕಿಂತ ಒಸಿ ದೊಡ್ಡದೇ ಆಗ್ಲಿ."

ಎಲ್ಲರ ಮುಖ ಅರಳಿತು. ನನ್ನದೂ. ಆಪಲ್ ಬೇಡ, ನಮ್ಮ ಊರಿನ ವಸ್ತುಗಳದ್ದೇ ಹಾರವಾಗಲಿ ಎಂದವನು ನಾನು. ರಾಮನಗರದ ರೇಷ್ಮೆಗೂಡು, ನಡುನಡುವೆ ಚನ್ನಪಟ್ಟಣದ ಅರಗು ಬಣ್ಣದ ಮರದ ಗುಂಡುಗಳು. ಚೆನ್ನಾಗಿ ಹೊಳೆದಿತ್ತು ನನಗೆ.

ಮರದ ಗುಂಡು ಕಡೆದುಕೊಡಲು ಒಪ್ಪಿದವನು ನನ್ನ ಜೊತೆ ಅದೇ ಜಗಲಿಯಲ್ಲಿ ಲೆಕ್ಕ ಕಲಿತವನು. ಶೆಡ್ಡಿನ ಮನೆಯ ಹುಡುಗ, ಆಮೇಲೆ ಚನ್ನಪಟ್ಟಣದಲ್ಲಿ ಚಿಕ್ಕಪ್ಪನ ಹತ್ತಿರ ಗೊಂಬೆ ಕೆಲಸ ಕಲಿತು ಅಲ್ಲೇ ನಿಂತ. ತಿರುಗುವ ಮರಕ್ಕೆ ಉಳಿ ಕೊಟ್ಟು, ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವ ಅವನ ಕೈ ನೋಡುತ್ತಾ ನಿಂತರೆ ಬಸ್ಸು ತಪ್ಪುತ್ತಿತ್ತು. ಇನ್ನೂರು ಗುಂಡು ಮಾಡಿ ತಂದ. ಹಿಂದಿನ ದಿನ ಹಾರ ಎತ್ತಿ ನೋಡಿದೆವು. ಭಾರಕ್ಕೆ ನೈಲಾನ್ ಹುರಿ ಪಟಾರೆಂದು ಕಿತ್ತು ಗುಂಡುಗಳು ದೇವಾಲಯದ ಮೈದಾನದ ತುಂಬಾ ಉರುಳಿದವು.

"ಏನ್ ಮೇಷ್ಟ್ರೇ, ನಿಮ್ ಸೈನ್ಸು ಇಷ್ಟೇನಾ?" ಎಂದು ಅವನು ನಕ್ಕ.

"ತಂತಿ ಹಾಕಿ" ಅಂದೆ. ಕಬ್ಬಿಣದ ತಂತಿ. ಅದನ್ನೂ ಹೇಳಿದವನು ನಾನೇ.

ಕ್ರೇನಿನ ವಿಷಯ ಅಯ್ಯನವರಿಗೆ ತಿಳಿಯಬಾರದು, ಆಶ್ಚರ್ಯವಾಗಬೇಕು ಎಂದು ಮಾತಾಗಿತ್ತು. ಆಮಂತ್ರಣ ಪತ್ರಿಕೆಯನ್ನು ಊರಿಗೆಲ್ಲ ಹಂಚಿದೆವು. ಅವರ ಮನೆಗೆ ಕೊಡಲಿಲ್ಲ. ಅವರದೇ ಸನ್ಮಾನಕ್ಕೆ ಅವರಿಗೇ ಪತ್ರಿಕೆ ಕೊಡುತ್ತಾರೆಯೇ? ನನ್ನ ಪಟ್ಟಿಯಲ್ಲಿ ಶಾಮಿಯಾನ, ಮೈಕು, ಜನರೇಟರು, ಮೈಸೂರು ಪೇಟ, ಊಟ, ನೀರು, ಫೋಟೋದವನು ಎಲ್ಲ ಇತ್ತು. ಲೈನ್ ಇರಲಿಲ್ಲ. ಅದು ಯಾವತ್ತೂ ಯಾರ ಪಟ್ಟಿಯಲ್ಲೂ ಇರುತ್ತಿರಲಿಲ್ಲ.

ಆ ಭಾನುವಾರ ಆರಾಧನೆ ನಡೆಯುವಾಗಲೇ ಫ್ಯಾನುಗಳು ನಿಂತವು. ಜನ ಪತ್ರಿಕೆಯಿಂದ ಗಾಳಿ ಬೀಸಿಕೊಂಡರು. ಅಯ್ಯನವರು ಎಂದಿನಂತೆ ಲೈನ್ ತೆಗೆಸಿದ್ದಾರೆ ಎಂದುಕೊಂಡೆ. ಅವರು ಪೀಠದ ಮೇಲೆ ನಿಂತು ಕಡೆಯ ಪ್ರಸಂಗ ಹೇಳುತ್ತಿದ್ದರು. ನಾನು ಫ್ಯಾನ್ ನೋಡಿ ಹಾಗೆಂದುಕೊಂಡೆ. ದೇವಾಲಯದ ಫ್ಯೂಸ್ ಹೋಗಿತ್ತು, ಅಷ್ಟೇ. ಮನೆಗೆ ಬರುವ ಕರೆಂಟು ಬೇರೆ, ಮೈದಾನದ ಮೂಲೆಯ ಮೇಲೆ ಹಾದುಹೋಗುವ ಹೈಟೆನ್ಷನ್ ಬೇರೆ ಎಂದು ಹದಿನಾಲ್ಕು ವರ್ಷದ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟವನು ನಾನು.

ಆರಾಧನೆ ಮುಗಿದು ಎಲ್ಲ ಮೈದಾನಕ್ಕೆ ಬಂದರು. ಕ್ರೇನ್ ಹಿಂದಿನ ಗೇಟಿನಿಂದ ಒಳಗೆ ಬಂತು. ಅದರ ಡ್ರೈವರು ಕನಕಪುರದ ಕಡೆಯವನು, ಸಣಕಲು ಆಳು. ಅವನು ತಲೆ ಹೊರಗೆ ಹಾಕಿ ಮೇಲೆ ನೋಡಿದ. ಹತ್ತಿರ ನಿಂತಿದ್ದವನು ನಾನು. ನನ್ನ ಪಕ್ಕದಲ್ಲಿ ಹಾರದ ತುದಿ ಹಿಡಿದು ನನ್ನ ಗೆಳೆಯ.

"ಲೈನ್ ಆಫ್ ಐತಾ ಸಾ?"

"ಹ್ಞೂಂ."

"ಗ್ಯಾರಂಟಿನಾ?"

"ನಮ್ಮ ಅಯ್ಯನವರ ಫಂಕ್ಷನ್ ಕಣಯ್ಯಾ" ಎಂದು ನಕ್ಕೆ.

ವೇದಿಕೆಯ ಮೇಲೆ ಬೆಳ್ಳಿ ಬಣ್ಣ ಬಳಿದ ಸಿಂಹಾಸನವೊಂದನ್ನು ಬಾಡಿಗೆಗೆ ತಂದಿಟ್ಟಿದ್ದೆವು. ಅಯ್ಯನವರು ಅದರಲ್ಲಿ ಕೂರಲು ಒಪ್ಪದೆ ಪಕ್ಕದಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತಿದ್ದರು. ಎಂಜಿನ್ ಸದ್ದಿಗೆ ಹಿಂದೆ ತಿರುಗಿದರು. ಹಾರ ನೆಲ ಬಿಟ್ಟು ಮೇಲೇರಿತು. ಜನ ಚಪ್ಪಾಳೆ ಹೊಡೆದರು. ಅಯ್ಯನವರು ಹಾರ ನೋಡಲಿಲ್ಲ, ಅದಕ್ಕಿಂತ ಮೇಲೆ ನೋಡಿದರು. ಎದ್ದು ನಿಂತು ಎರಡೂ ಕೈ ಎತ್ತಿ ಬೀಸಿದರು. ಸಂತೋಷಕ್ಕೆ ಕೈ ಬೀಸುತ್ತಿದ್ದಾರೆಂದು ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಅವರು ಏನೋ ಕೂಗಿದರು. ನಾವೇ ಹಾಕಿಸಿದ ಮೈಕಿನ ಹಾಡಿನಲ್ಲಿ ಅದು ಮುಳುಗಿತು.

ಸದ್ದು ಬಂತು. ಅದನ್ನು ಹೇಗೆ ಬರೆಯಲಿ? ಒದ್ದೆ ಬಟ್ಟೆಯನ್ನು ಬಂಡೆಗೆ ಒಗೆದಂತೆ, ಆದರೆ ಊರಷ್ಟು ದೊಡ್ಡದು. ನೀಲಿ ಬೆಳಕು. ಹಾರದ ಗೂಡುಗಳು ಒಂದೊಂದಾಗಿ ಹೊತ್ತಿಕೊಂಡವು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆಯೇ ಬರುತ್ತದೆ. ತಂತಿಯ ಇನ್ನೊಂದು ತುದಿ ಹಿಡಿದಿದ್ದ ನನ್ನ ಗೆಳೆಯ ಬಾಯಿ ತೆರೆದುಕೊಂಡು ನಿಂತಿದ್ದ, ಅದನ್ನು ಬಿಡಲು ಆಗದೆ. ನನಗೂ ಅವನಿಗೂ ನಡುವೆ ಐದು ಹೆಜ್ಜೆ. ನಾನು ಒಂದೂ ಇಡಲಿಲ್ಲ.

ಮಂಡಿ ಸೋತ ಮನುಷ್ಯ ಆ ವೇದಿಕೆಯಿಂದ ಹೇಗೆ ಇಳಿದರೋ ತಿಳಿಯದು. ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಕೈಯಲ್ಲೇ ಇತ್ತು. "ಇಳೀಬ್ಯಾಡ ಕಣಪ್ಪಾ, ಒಳಗೇ ಕೂತ್ಕೋ, ಏನೂ ಮುಟ್ಬ್ಯಾಡ!" ಎಂದು ಡ್ರೈವರನಿಗೆ ಕೂಗುತ್ತಲೇ ಬಂದು, ಕುರ್ಚಿಯನ್ನು ಬೀಸಿ ತಂತಿಗೆ ಹೊಡೆದರು. ಅದರಿಂದ ಬಿಟ್ಟುಕೊಂಡಿತೋ, ಅಷ್ಟರಲ್ಲಿ ಲೈನ್ ತಾನೇ ಟ್ರಿಪ್ ಆಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವನು ನೆಲಕ್ಕೆ ಬಿದ್ದ. ಅಯ್ಯನವರು ಅವನ ಎದೆಯ ಮೇಲೆ ಕೈಯಿಟ್ಟು ಒತ್ತತೊಡಗಿದರು. ಮೈಕಿನಲ್ಲಿ ಹಾಡು ಇನ್ನೂ ನಡೆಯುತ್ತಿತ್ತು, ಅದು ಜನರೇಟರಿನದು.

ಉಸಿರು ಬಂತು. ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಯ್ಯನವರು ಬೆಂಗಳೂರಿನ ಆಸ್ಪತ್ರೆಗೆ ಹೊರಟರು. ನಾನೂ ಹತ್ತಲು ಹೋದೆ. "ನೀವು ಇಲ್ಲಿ ಇರ್ಬೇಕು, ಕಾರ್ಯದರ್ಶಿ" ಎಂದು ಹಿರಿಯರು ನನ್ನ ತೋಳು ಹಿಡಿದರು. ನಾನೂ ಜಗ್ಗಲಿಲ್ಲ.

ಅರ್ಧ ಗಂಟೆಯ ಮೇಲೆ ಮುಖ್ಯ ಅತಿಥಿ ಬಂದರು. ಲೋಕಲ್ ಮುಖಂಡರು, ಇನ್ನೂ ಎರಡು ಕಾರ್ಯಕ್ರಮ ಇತ್ತು ಅವರಿಗೆ. ವಿಷಯ ಕೇಳಿ ಲೊಚಗುಟ್ಟಿದರು. "ಉಸ್ರೈತಲ್ಲ? ದೇವ್ರು ದೊಡ್ಡೋನು. ಬಂದಿದ್ದಾಯ್ತು, ಒಂದ್ ಶಾಲು ಹಾಕ್ಬುಡಾಣ."

"ಅಯ್ನೋರೇ ಇಲ್ವಲ್ಲ ಸಾರ್" ಎಂದು ಯಾರೋ ಅಂದರು.

"ಅವ್ರ ಪರವಾಗಿ ಯಾರಾದ್ರೂ ಕೂತ್ಕಳಿ. ಏ, ಮೇಷ್ಟ್ರು ಅವ್ರಲ್ಲ. ಅವ್ರೇ ಸಾಕಿ ಬೆಳ್ಸಿದ ಹುಡುಗ."

ನನ್ನನ್ನು ಸಿಂಹಾಸನದ ಮೇಲೆ ಕೂರಿಸಿದರು. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ತಲೆಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಗಂಧದ ಬಣ್ಣದ ಕಟ್ಟಿನ ಸನ್ಮಾನಪತ್ರ ಕೈಗೆ ಕೊಟ್ಟರು. ಅದನ್ನು ಬರೆದವನೂ ನಾನೇ. "ಕತ್ತಲಲ್ಲಿದ್ದವರ ಬಾಳಿಗೆ ಬೆಳಕು ನೀಡಿದ" ಎಂದು ಶುರುವಾಗುತ್ತಿತ್ತು. ಆ ಮನುಷ್ಯ ಜೀವಮಾನವೆಲ್ಲ ಮಾಡಿದ್ದು ಹೊತ್ತಿಗೆ ಸರಿಯಾಗಿ ಕರೆಂಟ್ ತೆಗೆಸುವ ಕೆಲಸ. ಅದರ ಒಂದು ಮಾತೂ ಆ ಪತ್ರದಲ್ಲಿರಲಿಲ್ಲ. ಫೋಟೋದವನು "ಒಸಿ ನಗಿ ಸಾ" ಎಂದ. ಊಟವೂ ಆಯಿತು. ಮಾಡಿಸಿದ ಅನ್ನ ಬಿಸಾಡಲಾಗುತ್ತದೆಯೇ?

ಮರುದಿನ ಆಸ್ಪತ್ರೆಯಲ್ಲಿ ಪೊಲೀಸರು ಹೇಳಿಕೆ ತೆಗೆದುಕೊಂಡರು. ಆಫ್ ಅಂದವರು ಯಾರೆಂದು ಕ್ರೇನಿನವನಿಗೆ ಹೆಸರು ಗೊತ್ತಿರಲಿಲ್ಲ. ನಾನೂ ಹಿರಿಯರೂ ಅಲ್ಲೇ ಇದ್ದೆವು. "ಲೈನ್ ತೆಗೆಸೋ ಜವಾಬ್ದಾರಿ ಯಾರದು?" ಎಂದು ಕೇಳಿದಾಗ ಹಿರಿಯರು ನೆಲ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಅಯ್ಯನವರು ಹೇಳಿದರು, "ನಂದು. ಮೂವತ್ತು ವರ್ಷದಿಂದ ನಂದೇ. ಈ ಸಲ ಮರೆತೆ."

ಪೊಲೀಸಿನವರು ಬರೆದುಕೊಂಡರು. ಅಯ್ಯನವರು ಸಹಿ ಹಾಕಿದರು. ನನ್ನ ಕಾಲೇಜಿನ ಅರ್ಜಿಗೆ ಹಾಕಿದ್ದ ಅದೇ ನಿಧಾನದ, ಅದೇ ಗುಂಡಗಿನ ಸಹಿ. ಕಾರಿಡಾರಿಗೆ ಬಂದ ಮೇಲೆ ಹಿರಿಯರು ಉಸಿರುಬಿಟ್ಟು, "ಪುಣ್ಯಾತ್ಮ, ಸಭೆ ಮರ್ಯಾದೆ ಉಳ್ಸುಬುಟ್ರು" ಅಂದರು.

ಒಂದೇ ವಾರದಲ್ಲಿ ಊರು ಆ ಮಾತನ್ನು ತನ್ನದು ಮಾಡಿಕೊಂಡಿತು. ಟೀ ಅಂಗಡಿಯಲ್ಲಿ ನಾನೇ ಕೇಳಿದ್ದೇನೆ. "ವಯಸ್ಸಾಯ್ತು ಕಣ್ಲಾ, ಮರ್ತುಬುಟ್ಟವ್ರೆ." "ಏನ್ಲಾ ಮರೆಯೋದು, ಗೊಂಬೆ ಮಾಡೋನ ಕೈ ಹೋಯ್ತಲ್ಲ." "ದೊಡ್ಡಸ್ತಿಕೆಗೆ ಕ್ರೇನ್ ಬೇರೆ ತರ್ಸವ್ರೆ ನೋಡು, ಪಾದ್ರಿಗೆ ಯಾಕ್ಲಾ ಕ್ರೇನು?" ಯಾವ ಮನೆಗಳ ಚಪ್ಪರಕ್ಕೆ ಅವರು ಬಿಸಿಲಲ್ಲಿ ನಿಂತು ಕೈ ಎತ್ತಿದ್ದರೋ ಆ ಮನೆಗಳವರೇ. ನಾನು ಟೀ ಕುಡಿದು ಲೋಟ ಇಟ್ಟು ಎದ್ದು ಬಂದೆ.

ಅವರು ಊರು ಬಿಟ್ಟ ದಿನ ಮನೆಯ ಸಾಮಾನನ್ನು ಸಣ್ಣ ಟೆಂಪೋಗೆ ಹಾಕಲು ನಾವು ಐದು ಜನ ಇದ್ದೆವು. ಮೊಪೆಡ್ಡನ್ನು ಮೇಲೆ ಹತ್ತಿಸಲು ಜಾಗವಾಗಲಿಲ್ಲ, ಬಿಟ್ಟು ಹೋದರು. ನನ್ನ ತಲೆ ಮುಟ್ಟಿ, "ಪಾಠ ಚೆನ್ನಾಗಿ ಮಾಡು" ಅಂದರು. ನಾನು ಆಗ ಹೇಳಬೇಕಿತ್ತು.

ಹೇಳಲು ಹೋದದ್ದು ಐದು ತಿಂಗಳ ಮೇಲೆ, ಅದೂ ಅವರ ಹತ್ತಿರವಲ್ಲ. ಚನ್ನಪಟ್ಟಣಕ್ಕೆ ಹೋದೆ. ನನ್ನ ಗೆಳೆಯ ಮನೆಯ ಮುಂದಿನ ಕಟ್ಟೆಯಲ್ಲಿ ಕೂತಿದ್ದ. ಬಲಗೈಯ ಎರಡು ಬೆರಳು ತೆಗೆದಿದ್ದರು, ಅಂಗೈಗೆ ತೊಡೆಯ ಚರ್ಮ ಹಚ್ಚಿದ್ದರು. ಒಳಗೆ ಅವನ ಹೆಂಡತಿ ಯಂತ್ರದ ಮುಂದೆ ಕೂತು ಉಂಗುರ ಪೋಣಿಸುವ ಆಟದ ಸಾಮಾನಿಗೆ ಬಣ್ಣ ಒತ್ತುತ್ತಿದ್ದಳು.

"ನೋಡಿ ಮೇಷ್ಟ್ರೇ, ಇವ್ಳಿಗೆ ಕಲ್ಸೋಕೆ ಕೂತಿದೀನಿ. ಉಸ್ತಾದ್ ಆಗ್ಬುಟ್ಟೆ" ಎಂದ. "ಉಳಿ ಹಿಡಿಯೋಕೆ ಹೋದ್ರೆ ಕೈ ನಂದಲ್ಲ ಅನ್ಸುತ್ತೆ. ಯಾರ್ದೋ ಕೈ ತಂದು ಹೊಲ್ದವ್ರೆ."

ನಾನು ಬಾಯಿ ತೆರೆದೆ. "ಅವತ್ತು ಆ ಡ್ರೈವರು ಕೇಳಿದಾಗ..."

"ನೀವು ಹ್ಞೂಂ ಅಂದ್ರಿ" ಎಂದ ಅವನು. "ಪಕ್ಕದಲ್ಲೇ ಇದ್ನಲ್ಲ. ಕಿವಿ ಸುಟ್ಟಿಲ್ಲ, ಕೈ ಸುಟ್ಟಿರೋದು."

ಒಳಗೆ ಯಂತ್ರ ನಿಂತಿತು.

"ಅಯ್ನೋರ್ಗೆ ಗೊತ್ತಾ?" ಎಂದೆ.

"ಕಾರಲ್ಲೇ ಹೇಳ್ದೆ. ನೋವಲ್ಲಿ ಬಾಯಿಗೆ ಬಂದಂಗೆ ಬೈದೆ ನಿಮ್ಗೆ. ಅವ್ರು ಒಂದೇ ಮಾತು ಅಂದಿದ್ದು. ಇದು ನನ್ ತಾವೇ ಇರ್ಲಿ, ಅವ್ನು ಮಕ್ಳಿಗೆ ಪಾಠ ಮಾಡ್ಬೇಕು ಕಣೋ ಅಂದ್ರು. ನಾನು ಬ್ಯಾಡ ಅಯ್ನೋರೇ ಅಂದೆ. ಸುಳ್ಳು ಹೇಳ್ಬ್ಯಾಡಿ, ಪಾದ್ರಿಗಳು ನೀವು ಅಂದೆ. ಕೇಳ್ಲಿಲ್ಲ." ಒಳಗಿನಿಂದ ಬಂದ ಲೋಟವನ್ನು ಎಡಗೈಯಲ್ಲಿ ನನ್ನ ಕಡೆ ಸರಿಸಿದ. "ಟೀ ಕುಡೀರಿ. ನಿಮ್ ಮೇಲೆ ಕೋಪ ಇಲ್ಲ ಅಂದ್ರೆ ಅದೂ ಸುಳ್ಳೇ. ಕುಡ್ದು ಹೋಗಿ."

ಅಯ್ಯನವರ ಕ್ಷಮೆ ಕೇಳುವ ಅವಕಾಶವಿದೆ ಎಂದು ನಾನು ಐದು ತಿಂಗಳು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅವರು ನಾನು ಕೇಳುವ ಮೊದಲೇ ಕೊಟ್ಟು, ತಮ್ಮ ಹೆಸರು ಕಳೆದುಕೊಂಡು, ಹಾರೋಹಳ್ಳಿಗೆ ಹೋಗಿ ಕೂತಿದ್ದರು. ಬಸ್ಸಿನಲ್ಲಿ ಬರುವಾಗ ನನಗೆ ಕೃತಜ್ಞತೆ ಹುಟ್ಟಲಿಲ್ಲ, ಸಿಟ್ಟು ಬಂತು. ನನ್ನನ್ನು ಕೇಳದೆ ನನ್ನನ್ನು ಉಳಿಸಿದ್ದಕ್ಕೆ ಸಿಟ್ಟು.

ಮುಂದಿನ ಭಾನುವಾರ ಆರಾಧನೆಯ ನಂತರ ಹಿರಿಯರ ಸಭೆಯಿತ್ತು. ಹೊಸ ಸಭಾಪಾಲಕರು ಬರುವವರಿದ್ದರು, ಸ್ವಾಗತದ ವಿಷಯ. ನಾನು ಎದ್ದು ನಿಂತು ಎಲ್ಲ ಹೇಳಿದೆ. ತಂತಿ ಹಾಕಿಸಿದ್ದು, ಫ್ಯಾನ್ ನೋಡಿ ನಂಬಿದ್ದು, ಡ್ರೈವರ್ ಎರಡು ಸಲ ಕೇಳಿದ್ದು, ನಾನು ನಕ್ಕದ್ದು. ಪೊಲೀಸರ ಹತ್ತಿರ ಹೋಗಿ ಹೇಳುತ್ತೇನೆ, ಅಯ್ಯನವರ ಹೆಸರಿಗೆ ಬಂದ ಮಾತು ಹೋಗಬೇಕು ಅಂದೆ. ಬೆಂಚಿನ ಅಂಚು ಹಿಡಿದುಕೊಂಡಿದ್ದೆ.

ಯಾರೂ ಆಶ್ಚರ್ಯಪಡಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

"ಕೂತ್ಕಳಿ ಮೇಷ್ಟ್ರೇ" ಎಂದರು ಹಿರಿಯರು, ಬೈಯುವ ದನಿಯಲ್ಲಲ್ಲ. "ಅಯ್ನೋರು ಹೇಳ್ಕೆ ಕೊಟ್ಟಾಗೈತೆ. ಈಗ ನೀವು ಹೋಗಿ ಬೇರೆ ಹೇಳುದ್ರೆ ಅವ್ರು ಪೊಲೀಸ್ರಿಗೆ ಸುಳ್ಳು ಹೇಳುದ್ರು ಅಂತಾಯ್ತದೆ. ವಯಸ್ಸಾದ್ ಕಾಲ್ದಲ್ಲಿ ಅವ್ರನ್ನ ಸುಳ್ಳುಗಾರ ಮಾಡ್ಬೇಕಾ ನೀವು? ಇದೇನಾ ನೀವು ತೀರ್ಸೋ ಋಣ?"

"ಹೌದೌದು" ಎಂದರು ಇಬ್ಬರು. "ಬುಡಿ ಅತ್ಲಾಗೆ, ಮುಗ್ದೋಯ್ತು."

ನಾನು ಕೂತೆ. ಈಗ ಹೇಗೆ ಬರೆದರೂ ನಾನು ಕೂತದ್ದು ನಿಜ.

ಮಾತು ಸ್ವಾಗತಕ್ಕೆ ಬಂತು. ಶಾಮಿಯಾನ ಎಲ್ಲಿ ಹಾಕುವುದು, ಊಟಕ್ಕೆ ಏನು. ಕ್ರೇನ್ ಬೇಡ ಎಂದು ಒಬ್ಬರು ಅಂದರು. ಹಾರ ಬೇಡ ಎನ್ನಲಿಲ್ಲ, ಏಣಿ ಹಾಕಿ ಹಾಕೋಣ ಎಂದರು. ಶಾಮಿಯಾನದ ಪೈಪು ಇಪ್ಪತ್ತು ಅಡಿಯದು ತರಿಸಬೇಕು, ಹೋದ ಸಲದ್ದು ಗಿಡ್ಡವಾಯಿತು ಎಂದು ಮಾತಾಯಿತು. ಆಮೇಲೆ ಯಾರೋ "ಲೈನು?" ಎಂದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಡೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಹಿರಿಯರು ಮೇಜಿನ ಮೇಲಿದ್ದ ಆಮಂತ್ರಣ ಪತ್ರಿಕೆಗಳ ಕಟ್ಟು ಬಿಚ್ಚಿ, ಮೇಲಿನದೊಂದನ್ನು ತೆಗೆದು, ನನ್ನ ಮುಂದಕ್ಕೆ ತಳ್ಳಿದರು.